ಪೇಟೆಂಟ್ ಪರೀಕ್ಷೆಯ ಕ್ರಮ ಮತ್ತು ಅಥಣಿ–ನಿಪ್ಪಾಣಿ ಪ್ರದೇಶದ ಪಾದರಕ್ಷೆ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಮತ್ತು ಕಾಗವಾಡ ತಾಲ್ಲೂಕುಗಳ ಪ್ರಸ್ತಾಪ ಬಂದಾಗ, ಆ ಕಡೆಯ ಚರ್ಮಕಾರರ ಪಾದರಕ್ಷೆಗೆ ‘ಪೇಟೆಂಟ್ ದೊರೆತಿದೆ’ ಎಂಬ ಮಾತು ವಿದ್ಯಾವಂತರಿಂದಲೂ ಕೇಳಿಬರುವುದುಂಟು. ಕೊಲ್ಹಾಪುರಿ ಚಪ್ಪಲಿ ಎಂಬ ಹೆಸರಿನಿಂದ ಲೋಕವಿಖ್ಯಾತವಾದ ಈ ವಸ್ತುವಿಗೆ 2018ರ ಡಿಸೆಂಬರಿನಲ್ಲಿ ದೊರೆತದ್ದು ಪೇಟೆಂಟ್ ಅಲ್ಲ. ಭೌಗೋಳಿಕ ಸೂಚಕದ ನೋಂದಣಿ. ಇವೆರಡರ ಅಂತರ ಬರಿಯ ಹೆಸರಿನದಲ್ಲ. ಪೇಟೆಂಟಿನ ಪರೀಕ್ಷಕನು ತನ್ನ ಮುಂದಿರುವ ವಸ್ತುವಿನಲ್ಲಿ ಹೊಸದೇನೆಂದು ಕೇಳುತ್ತಾನೆ. ಸೂಚಕದ ಪರೀಕ್ಷಕನು ಅದರಲ್ಲಿ ಹಳೆಯದೇನು, ಅದು ಯಾವ ನೆಲದ್ದು ಎಂದು ಕೇಳುತ್ತಾನೆ. ಮೊದಲನೆಯವನ ಎದುರಿನಲ್ಲಿ ಅರ್ಜಿದಾರನ ಪಾಲಿಗೆ ಮಾರಕವಾಗುವ ಸಾಕ್ಷ್ಯವೇ ಎರಡನೆಯವನ ಎದುರಿನಲ್ಲಿ ಆಧಾರವಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಪೇಟೆಂಟ್ ಪರೀಕ್ಷೆಯ ಕ್ರಮವನ್ನು ಒಂದು ಉದಾಹರಣೆಯ ಮೂಲಕ ವಿವರಿಸಿ, ಅದು ಈ ಐದು ತಾಲ್ಲೂಕುಗಳ ಕಸುಬುದಾರನಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಪೇಟೆಂಟ್ ಎಂದರೆ ರಾಜ್ಯವು ಶೋಧಕನೊಡನೆ ಮಾಡಿಕೊಳ್ಳುವ ಒಂದು ಕರಾರು. ಶೋಧಕನು ತನ್ನ ಗುಟ್ಟನ್ನು ಲೋಕಕ್ಕೆ ಬಿಚ್ಚಿ ಹೇಳಬೇಕು; ಪ್ರತಿಯಾಗಿ ರಾಜ್ಯವು ಅವನಿಗೆ ನಿಯತಕಾಲದ ಏಕಸ್ವಾಮ್ಯವನ್ನು ನೀಡುತ್ತದೆ. ಭಾರತದಲ್ಲಿ ಇದಕ್ಕೆ ಮೊದಲ ಕಾಯಿದೆ ಬಂದುದು 1856ರಲ್ಲಿ. ಆ ವರ್ಷವೇ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬವರು ಪಂಖಾ ಎಳೆಯುವ ಯಂತ್ರವೊಂದಕ್ಕೆ ಮೊದಲ ಅರ್ಜಿ ಸಲ್ಲಿಸಿದರು. ದೊರೆಗಳ ಸೆಕೆಯ ನಿವಾರಣೆಯಿಂದ ನಮ್ಮ ದೇಶದ ಪೇಟೆಂಟಿನ ಇತಿಹಾಸ ಆರಂಭವಾಯಿತೆಂದರೆ ಅತಿಶಯೋಕ್ತಿಯಲ್ಲ. ಆ ಕಾಯಿದೆಗೆ ಬ್ರಿಟಿಷ್ ರಾಣಿಯ ಪೂರ್ವಾನುಮತಿ ಇರಲಿಲ್ಲವೆಂಬ ಕಾರಣದಿಂದ ಅದು ರದ್ದಾಗಿ, 1859ರಲ್ಲಿ ಬೇರೊಂದು ಬಂದಿತು. 1911ರ ಕಾಯಿದೆ ಸ್ವಾತಂತ್ರ್ಯಾನಂತರವೂ ಬಹುಕಾಲ ಬಾಳಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಒಪ್ಪಿಸಿದ ವರದಿಯು ಭಾರತದ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿತು. ಅದರ ಫಲವಾಗಿ ರೂಪುಗೊಂಡ 1970ರ ಕಾಯಿದೆ 1972ರಲ್ಲಿ ಜಾರಿಗೆ ಬಂದು, 1999, 2002 ಮತ್ತು 2005ರ ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿದೆ. ಅರ್ಜಿಯ ದಿನದಿಂದ ಇಪ್ಪತ್ತು ವರ್ಷ ಈಗಿನ ಅವಧಿ.

ಇನ್ನು ಉದಾಹರಣೆಗೆ ಬರೋಣ. ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮವಾದ ಲಿಡ್ಕಾಂ ಸಂಸ್ಥೆಯು 2025ರಲ್ಲಿ ನಿಜವಾದ ಕೊಲ್ಹಾಪುರಿ ಚಪ್ಪಲಿಗೆ ಕ್ಯೂಆರ್ ಸಂಕೇತವನ್ನು ಅಳವಡಿಸುವ ಏರ್ಪಾಡನ್ನು ಪ್ರಕಟಿಸಿತು. ನಕಲಿ ಮಾಲನ್ನು ಗುರುತಿಸುವುದೇ ಇದರ ಪ್ರಯೋಜನ. ಇದರಿಂದ ಒಂದು ಹೆಜ್ಜೆ ಮುಂದಿನ ಸಂಗತಿಯೊಂದನ್ನು ನಾವು ಕಲ್ಪಿಸಿಕೊಳ್ಳೋಣ. ನಿಪ್ಪಾಣಿಯ ಒಂದು ಕಾರ್ಖಾನೆಯವರು ಚಪ್ಪಲಿಯ ಅಟ್ಟೆಯ ತೊಗಲಿಗೆ ತೆಳುವಾದ ಲೇಪವೊಂದನ್ನು ಹಚ್ಚಿ, ಒಣಗಿದ ಲೇಪದ ಮೇಲೆ ಬೆಳ್ಳಿಯ ಪುಡಿ ಬೆರೆಸಿದ ಶಾಯಿಯಿಂದ ಸುರುಳಿಯಾಕಾರದ ಗೆರೆಗಳನ್ನು ಮುದ್ರಿಸುತ್ತಾರೆ. ಆ ಗೆರೆಗಳು ವಿದ್ಯುತ್ತನ್ನು ಹಾಯಿಸಬಲ್ಲವಾದ್ದರಿಂದ ಸುರುಳಿಯು ಪುಟ್ಟದೊಂದು ಆಂಟೆನಾ ಆಗುತ್ತದೆ. ಅದಕ್ಕೆ ಸಾಸಿವೆಯಷ್ಟು ಚಿಪ್ಪನ್ನು ಸೇರಿಸಿ ಎರಡು ಪದರ ತೊಗಲಿನ ನಡುವೆ ಹೊಲಿದರೆ, ಮೊಬೈಲ್ ಫೋನನ್ನು ಹತ್ತಿರ ತಂದೊಡನೆ ಚಪ್ಪಲಿಯು ತನ್ನ ಊರು ಹೇರುಗಳನ್ನು ತಾನೇ ಹೇಳುತ್ತದೆ. ಇದಕ್ಕೆ ಪೇಟೆಂಟ್ ಬೇಡಿದರೆ ಪರೀಕ್ಷೆ ಹೇಗೆ ಸಾಗುತ್ತದೆ?

ನಿಪ್ಪಾಣಿಯವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಕಾಗವಾಡದವರದೂ ಅಲ್ಲಿಗೇ, ಆದರೆ ಅದಕ್ಕೆ ಕೆಲವೇ ಮೈಲಿ ದೂರದ ಮಿರಜಿನವರದು ಮುಂಬಯಿಗೆ. ಅರ್ಜಿಯು ಸಾಮಾನ್ಯವಾಗಿ ಹದಿನೆಂಟು ತಿಂಗಳು ಗುಪ್ತವಾಗಿದ್ದು ಆಮೇಲೆ ಪ್ರಕಟವಾಗುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ನಡೆಯುವುದಿಲ್ಲ. ಪರೀಕ್ಷಿಸಿರೆಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಆ ಬಳಿಕ ಕಡತವು ಪರೀಕ್ಷಕನ ಮೇಜಿಗೆ ಬರುತ್ತದೆ.

ಪರೀಕ್ಷಕನು ಓದುವುದರಲ್ಲಿ ಮುಖ್ಯವಾದುದು ಅರ್ಜಿಯ ಕೊನೆಯಲ್ಲಿ ಒಂದೊಂದು ವಾಕ್ಯವಾಗಿ ಬರೆದ ಹಕ್ಕುವಾದಗಳು. ಶೋಧಕನು ಇಂತಿಷ್ಟು ನೆಲ ತನ್ನದೆಂದು ಬೇಲಿ ಹಾಕುವ ಮಾತುಗಳಿವು. ನಮ್ಮ ಕಲ್ಪಿತ ಅರ್ಜಿದಾರನು ಮೊದಲ ವಾದದಲ್ಲಿ ‘ಲೇಪಿತವಾದ ವಸ್ತುವಿನ ಮೇಲೆ ವಿದ್ಯುದ್ವಾಹಕ ಗೆರೆಗಳನ್ನು ಮುದ್ರಿಸುವ ವಿಧಾನ’ ಎಂದು ವಿಶಾಲವಾಗಿ ಬೇಲಿ ಹಾಕಿದ್ದಾನೆನ್ನೋಣ. ಪರೀಕ್ಷಕನು ಕಾಯಿದೆಯ 13ನೆಯ ಕಲಮಿನ ಪ್ರಕಾರ ಭಾರತದಲ್ಲಾಗಲಿ ಅನ್ಯತ್ರವಾಗಲಿ ಈ ಮೊದಲೇ ಪ್ರಕಟವಾದ ಬರಹಗಳನ್ನು ಹುಡುಕುತ್ತಾನೆ. ಬಹು ದೂರ ಹೋಗಬೇಕಾಗಿಲ್ಲ. ಅಮೆರಿಕದ ಚಾರ್ಲ್ಸ್ ಡ್ಯೂಕಾಸ್ ಎಂಬವರು ನಿರೋಧಕ ತಲದ ಮೇಲೆ ಕೊರೆಯಚ್ಚಿನ ಮೂಲಕ ವಿದ್ಯುನ್ಮಾರ್ಗಗಳನ್ನು ಮೂಡಿಸುವ ಬಗೆಗೆ 1925ರಲ್ಲಿಯೇ ಪೇಟೆಂಟ್ ಪಡೆದಿದ್ದರು. ವಿಯೆನ್ನಾದಿಂದ ಲಂಡನ್ನಿಗೆ ಬಂದು ನೆಲಸಿದ ಪಾಲ್ ಐಸ್ಲರ್ ಎಂಬ ಎಂಜಿನಿಯರರು ತಾಮ್ರದ ಹಾಳೆ ಹೊದಿಸಿದ ಫಲಕದ ಮೇಲೆ ನಕ್ಷೆಯನ್ನು ಮುದ್ರಿಸಿ, ಮುದ್ರೆಯಿಲ್ಲದೆಡೆಯ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿ ತೆಗೆಯುವ ವಿಧಾನಕ್ಕೆ 1943ರಲ್ಲಿ ಇಂಗ್ಲೆಂಡಿನಲ್ಲಿ ಅರ್ಜಿ ಸಲ್ಲಿಸಿದರು. ಇಂದು ಪ್ರತಿಯೊಂದು ರೇಡಿಯೋ, ಗಣಕಯಂತ್ರಗಳೊಳಗೆ ಇರುವ ಹಸಿರು ಫಲಕದ ಮೂಲ ಅದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಪಿಂಗಾಣಿಯಂಥ ಬಿಲ್ಲೆಗಳ ಮೇಲೆ ಬೆಳ್ಳಿಯ ಶಾಯಿಯನ್ನು ರೇಷ್ಮೆ ಪರದೆಯ ಮೂಲಕ ಅಚ್ಚೊತ್ತಿ ಸಿಡಿಗುಂಡುಗಳ ವಿದ್ಯುನ್ಮಂಡಲಗಳನ್ನು ತಯಾರಿಸಿದುದೂ ಪ್ರಕಟವಾದ ಸಂಗತಿಯೇ. ಆದುದರಿಂದ ಮೊದಲ ಹಕ್ಕುವಾದ ಬಿದ್ದುಹೋಗುತ್ತದೆ. ಹಳೆಯ ಒಂದೇ ಬರಹದಲ್ಲಿ ಇಡಿಯ ಸಂಗತಿ ಇದ್ದರೆ ನವೀನತೆ ಇಲ್ಲವೆಂದೇ ಅರ್ಥ.

ಅರ್ಜಿದಾರನು ಬೇಲಿಯನ್ನು ಒಳಕ್ಕೆ ಸರಿಸಿ, ‘ಚರ್ಮದ ಮೇಲೆ’ ಎಂಬ ಮಾತನ್ನು ಸೇರಿಸುತ್ತಾನೆ. ಇಲ್ಲಿಂದ ಮುಂದೆ ಪರೀಕ್ಷೆ ಸೂಕ್ಷ್ಮವಾಗುತ್ತದೆ. ಡ್ಯೂಕಾಸರಾಗಲಿ ಐಸ್ಲರರಾಗಲಿ ಚಪ್ಪಲಿಯ ತೊಗಲನ್ನು ಕಂಡವರಲ್ಲ; ಆದುದರಿಂದ ಇದು ಹೊಸತೆನ್ನಬಹುದು. ಆದರೆ ಹೊಸತಾದುದೆಲ್ಲ ಶೋಧವಲ್ಲ. ಆ ಕಸುಬನ್ನು ಬಲ್ಲವನಿಗೆ ಅದು ತಾನಾಗಿಯೇ ಹೊಳೆಯುವಂತಿದ್ದರೆ ಪೇಟೆಂಟ್ ಸಲ್ಲದು. ಈ ‘ಕಸುಬು ಬಲ್ಲವನು’ ಪೇಟೆಂಟ್ ಶಾಸ್ತ್ರ ಸೃಷ್ಟಿಸಿದ ಒಬ್ಬ ವಿಚಿತ್ರ ಪುರುಷ. ಐಸ್ಲರ್ ಪೇಟೆಂಟುಗಳನ್ನು ಕುರಿತು 1970ರ ದಶಕದ ಆದಿಯಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆಯವರೆಗೆ ಏರಿದ ಮೊಕದ್ದಮೆಯಲ್ಲಿಯೇ ಈತನ ಪ್ರಸಿದ್ಧ ಚಿತ್ರ ದೊರೆಯುತ್ತದೆ: ಈತ ತನ್ನ ವಿಷಯದ ಬರಹಗಳನ್ನೆಲ್ಲ ಓದಿ ಜೀರ್ಣಿಸಿಕೊಂಡಿರುತ್ತಾನೆ, ಕೈಕೆಲಸದಲ್ಲಿ ನಿಪುಣನಾಗಿರುತ್ತಾನೆ, ಆದರೆ ಸ್ವಂತ ಪ್ರತಿಭೆಯ ಕಿಡಿ ಅವನಲ್ಲಿ ಲವಲೇಶವೂ ಇರುವುದಿಲ್ಲ. ಇಂಥವನಿಗೂ ಹೊಳೆಯಬಹುದಾದದ್ದು ಶೋಧವಲ್ಲ. ಶೋಧ ಮುಗಿದ ಮೇಲೆ ಹಿಂದಕ್ಕೆ ತಿರುಗಿ ನೋಡಿ ‘ಇದೇನು ಮಹಾ’ ಎನ್ನುವುದು ಅನ್ಯಾಯವೆಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ. ಐಸ್ಲರರ ಶೋಧವು ಎಷ್ಟು ವಿವಾದಾಸ್ಪದವಾಗಿತ್ತೆಂಬುದಕ್ಕೆ, ಅಮೆರಿಕದ ನ್ಯಾಯಾಲಯವೊಂದು 1963ರಲ್ಲಿ ಅಲ್ಲಿಯ ಪೇಟೆಂಟುಗಳನ್ನು ಅಸಿಂಧುವೆಂದು ತೀರ್ಮಾನಿಸಿದುದೇ ಸಾಕ್ಷಿ. ಇಷ್ಟು ದೊಡ್ಡ ಶೋಧಕ್ಕೇ ಈ ಗತಿಯಾದರೆ ಸಣ್ಣವರ ಪಾಡೇನೆಂದು ವಾಚಕರು ಕೇಳಬಹುದು.

ನಮ್ಮಲ್ಲಿ ಇದೇ ಪ್ರಶ್ನೆ ಒಂದು ಹಳೆಯ ಕಸುಬಿನ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆಯ ಪಾತ್ರೆಗಳನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ಹೊಳಪು ಕೊಡುವಾಗ ಪಾತ್ರೆ ಹಾರಿ ಅಪಾಯವಾಗುತ್ತಿತ್ತು. ಅದನ್ನು ಹಿಡಿದಿಡುವ ಸುಧಾರಿತ ಉಪಕರಣಕ್ಕೆ ಒಂದು ಸಂಸ್ಥೆ ಪೇಟೆಂಟ್ ಪಡೆದಿತ್ತು. 1978ರ ಡಿಸೆಂಬರಿನಲ್ಲಿ ನ್ಯಾಯಾಲಯವು, ಇದು ಕಾರ್ಯಾಗಾರದ ಸಾಮಾನ್ಯ ಸುಧಾರಣೆಯೇ ಹೊರತು ಶೋಧವಲ್ಲವೆಂದು ತೀರ್ಮಾನಿಸಿತು. ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಮೊಕದ್ದಮೆಯೆಂದು ಇದು ಪ್ರಸಿದ್ಧ.

ಹಾಗಾದರೆ ನಿಪ್ಪಾಣಿಯ ಅರ್ಜಿದಾರನಿಗೆ ಏನೂ ಉಳಿಯದೆ? ಉಳಿಯಬಹುದು; ಅದಕ್ಕೆ ಅವನು ತನ್ನ ತೊಗಲನ್ನು ಚೆನ್ನಾಗಿ ಅರಿತಿರಬೇಕು. ಈ ಪ್ರದೇಶದ ಚಪ್ಪಲಿಗೆ ಬಳಸುವ ತೊಗಲು ಬಹುಮಟ್ಟಿಗೆ ಎಮ್ಮೆ ಕೋಣಗಳದು. ಅದನ್ನು ಹದ ಮಾಡುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ತೊಗಟೆಯ ಕಷಾಯವನ್ನು ಅದರೊಳಗೆ ತುಂಬಿ ತೂಗುಹಾಕುವುದು ಹಳೆಯ ಕ್ರಮ. ಇದಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತದೆ. ಇಂಥ ತೊಗಲು ಎಣ್ಣೆಯನ್ನು ಕುಡಿಯುತ್ತದೆ, ಬೆವರನ್ನು ಹೀರುತ್ತದೆ, ಹೆಜ್ಜೆಗೊಮ್ಮೆ ಬಾಗುತ್ತದೆ. ಪಿಂಗಾಣಿಯ ಬಿಲ್ಲೆಯ ಮೇಲೆ ಸ್ಥಿರವಾಗಿ ನಿಂತ ಬೆಳ್ಳಿಯ ಗೆರೆ ಇಲ್ಲಿ ಬಿರುಕು ಬಿಟ್ಟು ವಿದ್ಯುತ್ತು ಕಡಿದುಹೋಗುತ್ತದೆ. ಎಣ್ಣೆಯನ್ನು ಮೇಲಕ್ಕೆ ಬಿಡದೆ, ತೊಗಲಿನೊಡನೆ ತಾನೂ ಬಾಗುವ ಲೇಪವೊಂದನ್ನು ಅರ್ಜಿದಾರನು ಕಂಡುಹಿಡಿದಿದ್ದರೆ, ಅದರ ದ್ರವ್ಯಗಳನ್ನೂ ಪ್ರಮಾಣವನ್ನೂ ಹಚ್ಚುವ ರೀತಿಯನ್ನೂ ವಿವರಣಪತ್ರದಲ್ಲಿ ಮರೆಮಾಚದೆ ಬರೆದು, ಬೇರೆ ಲೇಪಗಳೊಡನೆ ಹೋಲಿಸಿದ ಪ್ರಯೋಗಗಳನ್ನು ಮುಂದಿಟ್ಟರೆ, ಆಗ ಪರೀಕ್ಷಕನಿಗೆ ಉತ್ತರ ದೊರೆತಂತೆ. ಮೊದಲ ಪರೀಕ್ಷಾವರದಿ ಬಂದ ಆರು ತಿಂಗಳಲ್ಲಿ ಸಾಮಾನ್ಯವಾಗಿ ಈ ಉತ್ತರ ಸಲ್ಲಬೇಕು. ಅಂತೂ ಪೇಟೆಂಟ್ ದೊರೆತರೆ ಅದು ದೊರೆಯುವುದು ಆ ಲೇಪಕ್ಕೆ, ಅದರ ಮೇಲಿನ ಮುದ್ರಣದ ಕ್ರಮಕ್ಕೆ; ಕೆಳಗಿರುವ ಚಪ್ಪಲಿಗಲ್ಲ.

ಚಪ್ಪಲಿಗೆ ಅದೇಕೆ ಇಲ್ಲ? ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಅಟ್ಟೆಯನ್ನು ಹೊಲಿಯುವ ಚಾತುರ್ಯ, ಹೆಂಗಸರು ಸಣ್ಣ ತೊಗಲೆಳೆಗಳಿಂದ ಹೆಣೆಯುವ ಜಡೆ, ಹೆಬ್ಬೆರಳಿನ ಉಂಗುರ, ಪಕ್ಕದ ‘ಕಿವಿ’ಗಳು – ಇವು ಪ್ರತಿಭೆಯಿಲ್ಲದೆ ಹುಟ್ಟಿದವಲ್ಲ. ಆದರೆ ಕಾಯಿದೆಯ 3ನೆಯ ಕಲಮಿನ (ಪಿ) ಉಪಖಂಡವು, ಪಾರಂಪರಿಕ ಜ್ಞಾನವೇ ಆಗಿರುವ ಯಾವುದೂ ಶೋಧವಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಅಜ್ಜ ಬಲ್ಲದ್ದು ಮೊಮ್ಮಗನ ಶೋಧವಾಗಲಾರದು. ಇದರ ಇನ್ನೊಂದು ಮುಖವೂ ಉಂಟು: ಅದು ಪರಕೀಯನ ಶೋಧವೂ ಆಗಲಾರದು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ದೊರೆತಿದ್ದ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಪ್ರಶ್ನಿಸಿ, 1997ರಲ್ಲಿ ರದ್ದುಗೊಳಿಸಿದುದು ಎಲ್ಲರೂ ಬಲ್ಲ ಸಂಗತಿ. ಅಲ್ಲಿ ಗೆದ್ದದ್ದು ಬರಹದ ಸಾಕ್ಷ್ಯ. ನಮ್ಮ ಕಾಯಿದೆಯಾದರೋ ಇನ್ನೂ ಉದಾರವಾಗಿದೆ. ಸ್ಥಳೀಯ ಅಥವಾ ದೇಶೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿ ಉಳಿದುಬಂದ ಜ್ಞಾನವನ್ನೂ 25ನೆಯ ಕಲಮಿನ ಪ್ರಕಾರ ಪೇಟೆಂಟಿನ ವಿರುದ್ಧ ಸಾಕ್ಷ್ಯವಾಗಿ ಹೂಡಬಹುದು. ಅಥಣಿಯ ಮುದುಕನೊಬ್ಬನ ನೆನಪು ಬಹುರಾಷ್ಟ್ರೀಯ ಕಂಪೆನಿಯ ಅರ್ಜಿಗೆ ಅಡ್ಡ ನಿಲ್ಲಬಲ್ಲದು. ಆದರೆ ಆ ಮುದುಕನಿಗೇ ಹಕ್ಕನ್ನು ಕೊಡಲಾರದು. ಪೇಟೆಂಟ್ ಪರೀಕ್ಷೆಯಲ್ಲಿ ಕಸುಬುದಾರನ ಜ್ಞಾನಕ್ಕೆ ಇರುವ ಸ್ಥಾನ ಇಷ್ಟೇ: ಅದು ಗುರಾಣಿ, ಕತ್ತಿಯಲ್ಲ.

ಆ ಕೊರತೆಯನ್ನು ತುಂಬಲೆಂದು ಭೌಗೋಳಿಕ ಸೂಚಕಗಳ ಕಾಯಿದೆಯನ್ನು ನೋಡಬೇಕಾಗುತ್ತದೆ. 1999ರಲ್ಲಿ ಅಂಗೀಕೃತವಾಗಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಇದಕ್ಕೆ ದೇಶಕ್ಕೆಲ್ಲ ಒಂದೇ ನೋಂದಣಿ ಕಚೇರಿ, ಅದೂ ಚೆನ್ನೈಯಲ್ಲಿ. ಇಲ್ಲಿ ಪರೀಕ್ಷಕನೊಬ್ಬನೇ ಕೂತು ನಿರ್ಣಯಿಸುವುದಿಲ್ಲ. ವಿಷಯವನ್ನು ಬಲ್ಲ ಏಳು ಮಂದಿಗೆ ಮೀರದ ಸಲಹಾ ಮಂಡಲಿಯೊಂದನ್ನು ರಚಿಸಿ ಅರ್ಜಿಯ ಸತ್ಯಾಸತ್ಯಗಳನ್ನು ವಿಚಾರಿಸುವ ಪದ್ಧತಿಯಿದೆ. ಮಹಾರಾಷ್ಟ್ರದ ಲಿಡ್ಕಾಂ ಮತ್ತು ಕರ್ನಾಟಕದ ಲಿಡ್ಕರ್ – ಡಾ. ಬಾಬು ಜಗಜೀವನರಾಂ ಅವರ ಹೆಸರನ್ನು ಹೊತ್ತ ಚರ್ಮ ಕೈಗಾರಿಕಾ ನಿಗಮ – ಎರಡೂ ಸೇರಿ ಈ ನೋಂದಣಿಯನ್ನು ಪಡೆದುವು. ಎಂಟು ಜಿಲ್ಲೆಗಳು ಅದರೊಳಗಿವೆ: ಅತ್ತ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ಇತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ.

ಮಹಾರಾಷ್ಟ್ರದ ಊರಿನ ಹೆಸರು ಹೊತ್ತ ವಸ್ತುವಿನಲ್ಲಿ ಕನ್ನಡನಾಡಿನ ಜಿಲ್ಲೆಗಳಿಗೆ ಹೇಗೆ ಪಾಲು ಬಂದಿತೆಂದು ಕೆಲವರು ಕೇಳುವರು. ಇತಿಹಾಸದ ವಿದ್ಯಾರ್ಥಿಗೆ ಇದು ಕಠಿನವಾದ ಪ್ರಶ್ನೆಯಲ್ಲ. ಇಂದಿನ ಗಡಿಗೆರೆಯು 1956ರ ನವೆಂಬರ್ 1ರಂದು ಹುಟ್ಟಿದ್ದು. ಅದಕ್ಕೆ ಮುಂಚೆ ಇಡೀ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅಥಣಿ, ಚಿಕ್ಕೋಡಿಗಳು ಬ್ರಿಟಿಷ್ ಆಡಳಿತದ ತಾಲ್ಲೂಕುಗಳಾಗಿದ್ದರೆ, ರಾಯಬಾಗವು ನಡುವೆ ದ್ವೀಪದಂತೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. 1949ರಲ್ಲಿ ಆ ಸಂಸ್ಥಾನ ವಿಲೀನವಾಗುವವರೆಗೂ ರಾಯಬಾಗದ ಚಮ್ಮಾರನು ಕೊಲ್ಹಾಪುರದ ದೊರೆಯ ಪ್ರಜೆಯೇ. ಅವನ ಚಪ್ಪಲಿಯನ್ನು ಕೊಲ್ಹಾಪುರಿ ಎನ್ನಲು ಪೇಟೆಯ ವ್ಯಾಪಾರಿಯ ಕೃಪೆ ಬೇಕಾಗಿರಲಿಲ್ಲ. ನಿಪ್ಪಾಣಿ, ಕಾಗವಾಡಗಳ ಸಂತೆಗಳೂ ಕೊಲ್ಹಾಪುರ, ಮಿರಜ, ಸಾಂಗಲಿಗಳ ಕಡೆಗೇ ಮುಖಮಾಡಿದ್ದುವು. ವಸ್ತುವಿಗೆ ಹೆಸರು ಬರುವುದು ಅದನ್ನು ಮಾಡುವ ಊರಿನಿಂದಲ್ಲ, ಮಾರುವ ಊರಿನಿಂದ ಎಂಬುದಕ್ಕೆ ಇಷ್ಟು ಸ್ವಚ್ಛವಾದ ನಿದರ್ಶನ ಅಪರೂಪ.

ಈ ಕಸುಬಿನ ಪ್ರಾಚೀನತೆಯನ್ನು ಹೇಳುವವರು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೂ ಬಿಜ್ಜಳ ಬಸವಣ್ಣನವರ ಕಾಲಕ್ಕೂ ಹೋಗುವುದುಂಟು. ಸಮಗಾರ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ಕನ್ನಡಿಗರೆಲ್ಲರ ನಾಲಗೆಯ ಮೇಲಿದೆ. ಅದು ಶರಣರ ಸಮಾಜದಲ್ಲಿ ಚರ್ಮಕಾರನಿಗೆ ಸಂದ ಗೌರವಕ್ಕೆ ಸಾಕ್ಷಿ. ಇಂದಿನ ಜಡೆ, ಉಂಗುರ, ಕಿವಿಗಳ ರೂಪ ಅಂದೇ ಇತ್ತೆನ್ನುವುದಕ್ಕೆ ಸಾಕ್ಷಿಯಲ್ಲ. ಭಕ್ತಿಯ ಕಥೆಯನ್ನು ಕಚೇರಿಯ ದಾಖಲೆಯಾಗಿ ಬಳಸುವ ಆತುರ ನಮಗೆ ಒಪ್ಪಿಗೆಯಾಗುವುದಿಲ್ಲ. ಅದರಿಂದ ಕಥೆಗೂ ದಾಖಲೆಗೂ ನಷ್ಟ. ಶಾಹೂ ಮಹಾರಾಜರ ಆಳ್ವಿಕೆಯಲ್ಲಿ, ಎಂದರೆ 1894ರಿಂದ 1922ರವರೆಗೆ, ದೊರೆತ ಪ್ರೋತ್ಸಾಹವನ್ನು ಹಿಡಿದು ಹೊರಡುವುದು ಹೆಚ್ಚು ಭದ್ರವಾದ ದಾರಿ.

ಸೂಚಕವು ರಕ್ಷಿಸುವುದಾದರೂ ಏನನ್ನು? ಹೆಸರನ್ನು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ತನ್ನ ಪ್ರದರ್ಶನದಲ್ಲಿ ಇದೇ ರೂಪದ ಪಾದರಕ್ಷೆಗಳನ್ನು ತೋರಿಸಿದಾಗ ಮೊದಲು ಈ ಹೆಸರನ್ನು ಉಚ್ಚರಿಸಲೇ ಇಲ್ಲ; ಗದ್ದಲವೆದ್ದ ಬಳಿಕ ಭಾರತದ ಕೈಕಸುಬಿನಿಂದ ಸ್ಫೂರ್ತಿ ಪಡೆದುದನ್ನು ಒಪ್ಪಿಕೊಂಡಿತು. ಹೆಸರನ್ನು ಕದಿಯದೆ ರೂಪವನ್ನಷ್ಟೇ ಎತ್ತಿಕೊಂಡವನ ಮುಂದೆ ಹೆಸರಿನ ಕಾವಲುಗಾರನು ಬಹುಮಟ್ಟಿಗೆ ಕೈಕಟ್ಟಿ ನಿಲ್ಲಬೇಕಾಗುತ್ತದೆಂದು ನಮಗೆ ತೋರುತ್ತದೆ. ರೂಪವನ್ನು ಕಾಯುವುದು 2000ದ ವಿನ್ಯಾಸ ಕಾಯಿದೆ; ಆದರೆ ಅಲ್ಲಿಯೂ ಹೊಸತನ್ನೇ ಕೇಳುತ್ತಾರಾದ್ದರಿಂದ ಹಳೆಯ ರೂಪಕ್ಕೆ ಅಲ್ಲಿ ಬಾಗಿಲಿಲ್ಲ. ಈ ವಿಷಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಬಂದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು 2025ರ ಜುಲೈಯಲ್ಲಿ ವಜಾ ಮಾಡಲಾಯಿತು; ಅರ್ಜಿದಾರರು ಸೂಚಕದ ನೋಂದಾಯಿತ ಒಡೆಯರಲ್ಲವೆಂಬುದು ಅಲ್ಲಿ ಮುಖ್ಯ ಆಕ್ಷೇಪವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಡಾ ಸಂಸ್ಥೆಯು ಲಿಡ್ಕಾಂ, ಲಿಡ್ಕರ್‌ಗಳೊಡನೆ ಒಪ್ಪಂದ ಮಾಡಿಕೊಂಡು, ಎರಡು ಸಾವಿರ ಜೊತೆ ಪಾದರಕ್ಷೆಗಳನ್ನು ಇಲ್ಲಿಯ ಕಸುಬುದಾರರಿಂದ ಮಾಡಿಸುವ ಯೋಜನೆಯನ್ನು ಪ್ರಕಟಿಸಿತು. ಒಪ್ಪಂದ ಬಂದುದು ಕಾಯಿದೆಯ ಬಲದಿಂದ ಅನ್ನುವುದಕ್ಕಿಂತ ಲೋಕಾಪವಾದದ ಭಯದಿಂದ ಎನ್ನುವುದೇ ಮೇಲು.

ಉಳಿದ ಮಾತು ಒಡೆತನದ್ದು. ನೋಂದಣಿಯ ಒಡೆಯರು ಎರಡು ಸರ್ಕಾರಿ ನಿಗಮಗಳು. ಕಸುಬುದಾರನು ಕಾನೂನಿನ ಫಲವನ್ನು ಉಣ್ಣಬೇಕಾದರೆ 17ನೆಯ ಕಲಮಿನಂತೆ ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕವಾಗಿ ಹೆಸರು ಬರೆಸಬೇಕು. ಹಾಗೆ ಬರೆಸಬಲ್ಲ ‘ಉತ್ಪಾದಕ’ನಾರೆಂಬುದನ್ನು ಕಾಯಿದೆಯ 2ನೆಯ ಕಲಮು ಹೇಳುತ್ತದೆ: ಕೈಕಸುಬಿನ ವಸ್ತುವಿನ ವಿಷಯದಲ್ಲಿ ಅದನ್ನು ಮಾಡುವವನು, ಅಷ್ಟೇ ಅಲ್ಲ, ಅದರ ವ್ಯಾಪಾರ ಮಾಡುವವನೂ ಹೌದು. ಕೊಲ್ಹಾಪುರದ ಪೇಟೆಯಲ್ಲಿ ಗದ್ದುಗೆಯ ಮೇಲೆ ಕುಳಿತ ಅಂಗಡಿಕಾರನೂ ಅಥಣಿಯ ಜಗುಲಿಯಲ್ಲಿ ಅಟ್ಟೆ ಹೊಲಿಯುವವನೂ ಈ ಮಾತಿನೊಳಗೆ ಸಮಾನರಾಗಿ ಸೇರುತ್ತಾರೆ. ತೊಗಟೆಯ ಕಷಾಯದಲ್ಲಿ ಕೈ ಅದ್ದಿ ತೊಗಲು ಹದ ಮಾಡುವ ಢೋರನು ಮಾಡುವುದು ತೊಗಲನ್ನು, ಚಪ್ಪಲಿಯನ್ನಲ್ಲ. ಮನೆಯಲ್ಲಿ ಕುಳಿತು ಜಡೆ ಹೆಣೆಯುವ ಹೆಂಗಸು ಮಾಡುವುದು ಅದರ ಒಂದು ಭಾಗವನ್ನು. ವ್ಯಾಪಾರಿಯನ್ನು ಹೆಸರೆತ್ತಿ ಒಳಗೆ ಕರೆದ ಆ ವಾಕ್ಯದಲ್ಲಿ ಇವರಿಬ್ಬರ ಉಲ್ಲೇಖವಿಲ್ಲ.